ನಾಲ್ಕು ಜೋಡಿ ಕೈಗವಸು

"ಏ ತಿರಕ್ಯಾ! ಯಾರ ಕೈಲೇ ಅದು, ನನ್ನ ಮೊಮ್ಮಗಳ ಬೆನ್ನ ಮ್ಯಾಲೆ?"

ಕೈ ನನ್ನದು. ಶೈಲಶ್ರೀಯ ಬೆನ್ನು ಮುಟ್ಟಿ 'ಖೋ' ಎಂದು ಕೂಗಿದ್ದೆ. ಅವಳು ಎದ್ದು ಓಡಿದಳು, ಅವಳ ಜಾಗದಲ್ಲಿ ನಾನು ಕೂತೆ. ಖೋ-ಖೋ ಅಂದರೆ ಇಷ್ಟೇ. ಬೆನ್ನು ಮುಟ್ಟಬೇಕು, ಬಾಯಲ್ಲಿ ಕೂಗಬೇಕು, ಎರಡೂ ಒಟ್ಟಿಗೆ ಆಗಬೇಕು. ಆದರೆ ಮೈದಾನದ ಅಂಚಿಗೆ ಕಾರು ನಿಲ್ಲಿಸಿ ಇಳಿದ ಈರಬಸಪ್ಪ ಸಾವ್ಕಾರರಿಗೆ ಆಟ ಎಲ್ಲಿ ಕಾಣಬೇಕು? ಅವರಿಗೆ ಕಂಡದ್ದು ಕೆಳಗಿನ ಕೇರಿಯ ಮೈಲಾರವ್ವನ ಮಗಳು ಸೀಮಾಳ ಕೈ.

ಸಾವ್ಕಾರರು ನಮ್ಮ ಹೈಸ್ಕೂಲಿನ ಆಡಳಿತ ಮಂಡಳಿಯ ಚೇರಮನ್ನರು. ಅವರ ಮೊಮ್ಮಗಳು ಹುಬ್ಬಳ್ಳಿಯ ಶಾಲೆ ಬಿಟ್ಟು ಈ ಜೂನ್‌ನಲ್ಲಷ್ಟೇ ನಮ್ಮ ಹತ್ತನೇ ಕ್ಲಾಸಿಗೆ ಸೇರಿದ್ದಳು. ಇನ್ನು ಅವರು 'ತಿರಕ್ಯಾ' ಎಂದು ಕೂಗಿದ್ದು ನಮ್ಮ ಪಿ.ಟಿ. ಮಾಸ್ತರರನ್ನು. ಹವಾಲ್ದಾರ್ ತಿರಕಪ್ಪ, ಕಾರ್ಗಿಲ್ಲಿನಲ್ಲಿ ಬಲಗಾಲಿಗೆ ಗುಂಡು ತಿಂದು ಬಂದವರು, ಐವತ್ತು ದಾಟಿದವರು, ನಮ್ಮ ಕೇರಿಯವರೇ. ಮಿಲ್ಟ್ರಿ ಬಿಟ್ಟ ಮೇಲೆ ಓದಿ, ಪರೀಕ್ಷೆ ಪಾಸು ಮಾಡಿ ಮಾಸ್ತರರಾದರು. ಆದರೆ ನೌಕರಿ ಕಾಯಂ ಅಲ್ಲ. ವರ್ಷಕ್ಕೊಮ್ಮೆ ಚೇರಮನ್ನರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಖೋ ಕೊಟ್ಟಾಳ್ರಿ ಸಾವ್ಕಾರ್ರ. ಆಟದ ರೂಲ್ ಐತ್ರಿ ಅದು."

"ಬಾಯಿಲೆ ಕೊಡಾಕ ಏನ್ ಧಾಡಿ ಆಗೇತಿ?"

"ಮುಟ್ಟದ ಕೊಟ್ರ ಫೌಲ್ ಆಕ್ಕೈತ್ರಿ."

"ಫೌಲಂತ, ಹಲ್ಕಟ್ ಸೂಳಿಮಗನ! ಮಿಲ್ಟ್ರಿ ಬೂಟು ಹಾಕ್ಕೊಂಡ ಕೂಡ್ಲೆ ಕೇರಿ ಮರತಿಯೇನು? ನಿಮ್ಮ ಹುಡುಗ್ಯಾರ ಕೈ ನಮ್ಮ ಮನಿ ಹುಡುಗಿಗೆ ಇನ್ನೊಮ್ಮೆ ಹತ್ಲಿ, ಆಮ್ಯಾಲೆ ನೋಡು."

ಮಾಸ್ತರರು ಕೈ ಪಕ್ಕಕ್ಕೆ ಹಚ್ಚಿ ನೆಟ್ಟಗೆ ನಿಂತಿದ್ದರು, ಕರ್ನಲ್ ಮುಂದೆ ನಿಂತ ಹಾಗೆ. ನನಗೆ ಸಾವ್ಕಾರನ ಮೇಲೆ ಎಷ್ಟು ಸಿಟ್ಟು ಬಂತೋ ಮಾಸ್ತರರ ಮೇಲೂ ಅಷ್ಟೇ ಬಂತು.

ಮುಂದಿನ ಮಂಗಳವಾರ ಸಂಶಿಯಲ್ಲಿ ತಾಲೂಕು ಮಟ್ಟದ ಪಂದ್ಯ. ಅಲ್ಲಿ ಚೆನ್ನಾಗಿ ಆಡಿದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಆಡಿದವರಿಗೆ ಸ್ಪೋರ್ಟ್ಸ್ ಹಾಸ್ಟೆಲ್ಲು. ನನಗೆ ಇದೇ ಕೊನೆಯ ವರ್ಷ. ಹಾಸ್ಟೆಲ್ಲು ಸಿಗದಿದ್ದರೆ ಅವ್ವನ ಜೊತೆ ಸಾವ್ಕಾರನ ಹೊಲ, ಆಮೇಲೆ ಯಾರದೋ ಮನೆಗೆ ಮದುವೆ. ಟೀಮಿನಲ್ಲಿ ಹನ್ನೆರಡು ಹುಡುಗಿಯರು, ಅದರಲ್ಲಿ ಕೇರಿಯವರು ನಾಲ್ವರು. ನಮ್ಮನ್ನು ತೆಗೆದು ಹಾಕಿದರೆ ಉಳಿಯುವುದು ಎಂಟು, ಅಂಗಳಕ್ಕೆ ಇಳಿಯಲು ಒಂಬತ್ತು ಬೇಕು. ಆಟ ಬೇಕೇ ಬೇಕು ಎಂದು ಶೈಲಶ್ರೀ ಮನೆಯಲ್ಲಿ ಊಟ ಬಿಟ್ಟು ಕೂತಿದ್ದಳಂತೆ.

ಹೀಗೆ ಸಿಕ್ಕಿಕೊಂಡ ಗಂಟನ್ನು ಬಿಡಿಸಿದವರು ಹೆಡ್‌ಮಾಸ್ತರ್ ಗೌರೀಶ ಸರ್. ಶನಿವಾರ ನಮ್ಮ ನಾಲ್ವರನ್ನೂ ಮಾಸ್ತರರನ್ನೂ ಆಫೀಸಿಗೆ ಕರೆಸಿದರು. ಟೇಬಲ್ಲಿನ ಮೇಲೆ ಬಿಳಿ ಬಟ್ಟೆಯ ನಾಲ್ಕು ಜೋಡಿ ಕೈಗವಸು ಇದ್ದವು, ಆಗಸ್ಟ್ ಹದಿನೈದಕ್ಕೆ ಡ್ರಮ್ಮು ಬಾರಿಸುವವರು ಹಾಕಿಕೊಳ್ಳುವಂಥವು.

"ಇವನ್ನ ಹಾಕ್ಕೊಂಡು ಆಡ್ರಿ. ಸಾವ್ಕಾರ್ರೂ ಹೂಂ ಅಂದಾರ. ಅಂಪೈರ್ ಕೇಳಿದ್ರ ಚರ್ಮದ ಅಲರ್ಜಿ ಅನ್ನೂದು."

"ನಾಲ್ಕೂ ಮಂದಿಗೇನ್ರಿ?" ಎಂದರು ಮಾಸ್ತರರು.

"ತಿರಕಪ್ಪ, ಭಾಳ ಶಾಣ್ಯಾ ಆಗಬ್ಯಾಡ."

"ಆತ್ರಿ ಸರ್. ಇದನ್ನ ಸಾಲಿ ಲೆಟರ್‌ಹೆಡ್ಡಿನ ಮ್ಯಾಲೆ ಬರದು ಕೊಡ್ರಿ. ಯಾರು ಹಾಕ್ಕೋಬೇಕು, ಯಾಕ ಹಾಕ್ಕೋಬೇಕು. ಕೆಳಗ ನಿಮ್ಮ ಸಹಿ."

"ಬರದ್ರ ನಾ ಜೇಲಿಗೆ ಹೋಗ್ತೇನಿ. ನಿನಗ ಗೊತ್ತಿಲ್ಲೇನು?"

"ಗೊತ್ತೈತ್ರಿ. ಅದಕ್ಕ ಕೇಳಿದೆ."

ಗೌರೀಶ ಸರ್ ಮುಖ ಕೆಂಪಾಯಿತು. ಪಂದ್ಯದ ಎಂಟ್ರಿ ಫಾರ್ಮನ್ನು ಡ್ರಾವರಿನೊಳಗೆ ತಳ್ಳಿದರು. "ಕೈಗವಸು ಇಲ್ಲಂದ್ರ ಇದಕ್ಕ ಸಹಿ ಇಲ್ಲ. ಹುಡುಗ್ಯಾರ ಹಣೇಬರಹ ನಿನ್ನ ಕೈಯಾಗೈತಿ. ವಿಚಾರ ಮಾಡು."

ಆ ದಿನ ಇಳಿಹೊತ್ತಿಗೆ ಮಾಸ್ತರರು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಉಳಿದ ಮೂವರೂ ಬಂದಿದ್ದರು. ಅವ್ವ ಹೊಲದಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು.

"ಹಾಕ್ಕೊಂಡು ಆಡಿ ಬರ್ಲಿ ಬಿಡೊ ಅಣ್ಣಾ. ಮಳ್ಯಾಗ ಗೋಣಿಚೀಲದ ಕೊಪ್ಪಿ ಹಾಕ್ಕೊಳ್ಳಂಗಿಲ್ಲೇನು ನಾವು? ಹಂಗ ಇದೂನು. ಹಾಸ್ಟೆಲ್ ಸೇರಿದ್ಲಂದ್ರ ಆ ಭಾಡ್ಯಾನ ಮಾರಿ ನೋಡೂದರ ತಪ್ಪತೈತಿ."

ಮಾಸ್ತರರು ಬಲಗಾಲನ್ನು ಮುಂದೆ ಚಾಚಿಕೊಂಡರು. ಆಮೇಲೆ ಅಂದರು:

"ನಾ ಕಾರ್ಗಿಲ್‌ನಿಂದ ಬಂದಾಗ ಊರ ಮಂದಿ ಬಾಜಾ ಹಚ್ಚಿ ಬಸ್‌ಸ್ಟ್ಯಾಂಡಿಗೆ ಬಂದಿದ್ರಲಾ, ನೆನಪೈತೇನು? ಹಾರ ತಾಟಿನ್ಯಾಗ ಇಟ್ಟು ಮುಂದ ಹಿಡದ್ರು. 'ನೀನ ಹಾಕ್ಕೊಳೋ ಹುಲಿ' ಅಂದ್ರು. ಯಾಂವನೂ ನನ್ನ ಕುತಗಿ ಮುಟ್ಟಲಿಲ್ಲ. ಅದಕಿಂತ ಒಂದು ತಿಂಗಳ ಹಿಂದ, ಗುಡ್ಡದಾಗ, ಒಬ್ಬ ಮ್ಯಾಲ್ಜಾತಿ ಠಾಕೂರನ ಹೊಟ್ಟಿ ಹರದಿತ್ತು. ಈ ಕೈಲೆ ಒತ್ತಿ ಹಿಡದು ನಾಲ್ಕು ತಾಸು ಕುಂತಿದ್ದೆ. ಬದಕಿದ ಅಂವ."

"ಮತ್ತ ಹಾರ?"

"ಹಾಕ್ಕೊಂಡೆ. ನಕ್ಕೋಂತ ಫೋಟೋನೂ ತಗಿಸ್ಕೊಂಡೆ."

"ಹಂಗಾದ್ರ ನಮ್ಮ ಹುಡುಗ್ಯಾರಿಗೆ ಈಗ ಏನ್ ಹೇಳ್ತಿ?" ಎಂದಳು ಅವ್ವ.

"ನಾ ಏನ್ ಹೇಳ್ಲಿ ಮೈಲಾರವ್ವ? ನಾ ಹಾಕ್ಕೊಂಡಾಂವ."

ನಾವು ಹಾಕಿಕೊಂಡೆವು. ಸುಳ್ಳು ಯಾಕೆ ಹೇಳಲಿ, ಹಾಸ್ಟೆಲ್ಲಿನ ಆಸೆ ದೊಡ್ಡದಿತ್ತು.

ಸಂಶಿಯ ಮೈದಾನದಲ್ಲಿ ಹಿಂದಿನ ದಿನದ ಮಳೆಗೆ ಎರೆಮಣ್ಣು ಇನ್ನೂ ಹಸಿಯಿತ್ತು. ಸಾವ್ಕಾರರು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಬಾಜುವಿಗೆ ಗೌರೀಶ ಸರ್. ಅಂಪೈರ್ ಸಲೀಮ್ ಸರ್ ನಮ್ಮ ಕೈ ನೋಡಿ, "ಇದೇನ್ರವಾ, ಮದುವಿ ಬ್ಯಾಂಡಿಗೆ ಬಂದೀರೇನು?" ಎಂದರು. ಸುತ್ತ ನಿಂತವರೆಲ್ಲ ನಕ್ಕರು. ಗೌರೀಶ ಸರ್ ಓಡಿ ಬಂದು ಅಲರ್ಜಿ ಎಂದರು. ಸಲೀಮ್ ಸರ್ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದರು, ಆಮೇಲೆ ಮಾಸ್ತರರ ಮುಖ ನೋಡಿದರು. ಸೀಟಿ ಊದಿದರು.

ಬಟ್ಟೆ ಹಾಕಿದ ಕೈಗೆ ಕಂಬ ಹಿಡಿತಕ್ಕೆ ಸಿಗುವುದಿಲ್ಲ. ಖೋ-ಖೋದಲ್ಲಿ ಬೆನ್ನಟ್ಟುವವಳು ಓಡಿಬಂದು ಕಂಬ ಹಿಡಿದೇ ತಿರುಗಬೇಕು. ನಾನು ಮೊದಲ ಸಲ ಜಾರಿ ಮೊಣಕಾಲು ಊರಿದೆ. ಎರಡನೇ ಸಲ ಮುಖ ಅಡಿಯಾಗಿ ಬಿದ್ದೆ, ತುಟಿ ಒಡೆಯಿತು. ಕೈಗೆ ಸಿಗಬೇಕಾದ ಹುಡುಗಿ ಹಲ್ಲು ಕಿಸಿಯುತ್ತ ಓಡಿಹೋದಳು. ಅರ್ಧ ಆಟ ಮುಗಿದಾಗ ನಾವು ಆರು ಪಾಯಿಂಟು ಹಿಂದೆ ಇದ್ದೆವು.

"ಕೂಳಿಗೆ ಗತಿಯಿಲ್ಲದವಕ್ಕ ಕಂಬ ಹಿಡಿಯಾಕೂ ಬರಂಗಿಲ್ಲ," ಎಂದರು ಸಾವ್ಕಾರರು ಕುರ್ಚಿಯಿಂದ, ಎಲ್ಲರಿಗೂ ಕೇಳುವ ಹಾಗೆ.

ನನ್ನ ಕಣ್ಣು ಉರಿಯಿತು. ಮತ್ತೆ ಬೆನ್ನಟ್ಟುವ ಸರದಿ ಬಂದಾಗ ಎರಡೂ ಕೈಗವಸನ್ನು ಹಲ್ಲಿನಿಂದ ಎಳೆದು ಎಸೆದೆ. ಬರಿ ಅಂಗೈಯನ್ನು ಹಸಿ ಮಣ್ಣಿಗೆ ಉಜ್ಜಿ, ಕಂಬ ಹಿಡಿದು ತಿರುಗಿದೆ. ಒಬ್ಬಳನ್ನು ಔಟ್ ಮಾಡಿದೆ, ಇನ್ನೊಬ್ಬಳನ್ನು ಮಾಡಿದೆ. ಮೂರನೆಯವಳು ಶೈಲಶ್ರೀಯ ಎದುರಿಗೇ ಓಡುತ್ತಿದ್ದಳು. "ಜಲ್ದಿ ಕೊಡಲೇ ಸೀಮಾ!" ಎಂದು ಶೈಲಶ್ರೀಯೇ ಕೂಗಿದಳು. ಕೊಟ್ಟೆ. ಅವಳ ಬಿಳಿ ಟೀ-ಶರ್ಟಿನ ಮೇಲೆ ನನ್ನ ಐದೂ ಬೆರಳು ಕಪ್ಪಗೆ ಮೂಡಿದವು.

ಸಾವ್ಕಾರರು ಗೆರೆ ದಾಟಿ ಅಂಗಳದೊಳಗೆ ನುಗ್ಗಿದರು. ಓಡುತ್ತಿದ್ದ ಮೊಮ್ಮಗಳನ್ನು ತೋಳು ಹಿಡಿದು ಎಳೆದರು. "ಅಜ್ಜಾ, ಆಟ ನಡದೈತಿ!" ಎಂದು ಅವಳು ಅತ್ತಳು. ಸಲೀಮ್ ಸರ್ ಸೀಟಿ ಊದುತ್ತಲೇ ಇದ್ದರು. ಗೌರೀಶ ಸರ್ ಕಿಸೆಯಿಂದ ಪೆನ್ನು ತೆಗೆದು, ತಂಡವನ್ನು ಪಂದ್ಯದಿಂದ ವಾಪಸ್ ಪಡೆದಿದ್ದೇವೆ ಎಂದು ಬರೆದು ಸಹಿ ಹಾಕಿ ಕೊಟ್ಟರು. ಇದನ್ನು ಬರೆಯಲು ಅವರಿಗೆ ಯಾವ ಜೇಲಿನ ಹೆದರಿಕೆಯೂ ಇರಲಿಲ್ಲ. ನನ್ನ ಹಾಸ್ಟೆಲ್ಲು ಅಲ್ಲಿಗೆ ಮುಗಿಯಿತು.

"ನಾಳಿಂದ ಸಾಲಿ ಗೇಟಿನ್ಯಾಗ ಕಂಡಿ ಅಂದ್ರ ಕಾಲ ಮುರಸ್ತೇನಿ, ತಿರಕ್ಯಾ!"

"ಒಂದು ಮದ್ಲ ಮುರದೈತ್ರಿ," ಎಂದರು ಮಾಸ್ತರರು. "ಇನ್ನೊಂದು ಇಲ್ಲೈತಿ, ಬರ್ರಿ."

ಸಾವ್ಕಾರರು ಬರಲಿಲ್ಲ. ಮಾಸ್ತರರು ಕುಂಟುತ್ತ ಬಂದು ಉಳಿದ ಮೂವರ ಕೈಗವಸುಗಳನ್ನೂ ತಾವೇ ಬಿಚ್ಚಿದರು.

ನನ್ನ ಒಡೆದ ತುಟಿ ನೋಡಿ ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅರಿಸಿನ ಹಚ್ಚಿ, ಸೆರಗು ಸಿಕ್ಕಿಸಿಕೊಂಡು ಕೇರಿಯ ಮನೆಮನೆಗೆ ಹೋಗಿ ಬಂದಳು.

ಮರುದಿನ ಬೆಳಗ್ಗೆ ಸಾವ್ಕಾರರ ಹದಿನಾಲ್ಕು ಎಕರೆಯಲ್ಲಿ ಹೆಸರುಕಾಯಿ ಬಿಡಿಸುವುದಿತ್ತು. ನೆಲ ಹಸಿಯಾಗಿ ಮಷೀನು ಇಳಿಯುವಂತಿರಲಿಲ್ಲ. ಕಾಯಿ ಕಪ್ಪಾಗಿ ಒಣಗಿ ನಿಂತಿದ್ದವು, ಇನ್ನೊಂದು ಮಳೆ ಬಿದ್ದರೆ ಗಿಡದಲ್ಲೇ ಮೊಳಕೆ. ಯರಗುಪ್ಪಿಯ ಕಡೆಯಿಂದ ಮೋಡ ಏರಿ ಬರುತ್ತಿತ್ತು. ಕೇರಿಯ ಮೂವತ್ತು ಹೆಂಗಸರು ಹೊತ್ತಿಗೆ ಸರಿಯಾಗಿ ಹೋಗಿ ಬದುವಿನ ಮೇಲೆ ಸಾಲಾಗಿ ಕೂತರು. ನಾನೂ ಕೂತೆ. ಕೆಲಸ ಕಳೆದುಕೊಂಡ ಮಾಸ್ತರರೂ ಬಂದು ಸಾಲಿನ ಕೊನೆಗೆ ಕಾಲು ಚಾಚಿ ಕೂತರು.

ಸಾವ್ಕಾರರು ಕಾರಿನಿಂದ ಜಿಗಿದರು. "ಮೋಡ ಕಾಣಂಗಿಲ್ಲೇನಬೇ? ಏಳ್ರಿ, ಬಿಡಸ್ರಿ!"

"ಕೈಗವಸು ಬಂದಿಲ್ರಿ," ಎಂದಳು ಅವ್ವ.

"ಏನು?"

"ಮೂವತ್ತು ಜೋಡಿ ಬೇಕ್ರಿ. ಮೊಮ್ಮಗಳ ಬೆನ್ನಿಗೆ ಹತ್ತಬಾರದ ಕೈ, ನೀವು ಉಣ್ಣೂ ಕಾಳಿಗೆ ಹತ್ತಬಹುದೇನ್ರಿ? ಬರೀ ಕೈಲೆ ನಾವು ಮುಟ್ಟಂಗಿಲ್ಲ."

"ಮೈಲಾರಿ, ಸೊಕ್ಕು ಬಂದೈತೇನು ನಿನಗ?"

"ಬಂದೈತ್ರಿ."

ಸಾವ್ಕಾರರ ಕಣ್ಣು ಸಾಲಿನ ಕೊನೆಗೆ ಹೋಯಿತು. "ನೀ ಕಲಿಸಿದ್ಯೇನಲೇ ಇದನ್ನ?"

"ಇಲ್ರಿ. ನಾ ಖೋ-ಖೋ ಅಷ್ಟ ಕಲಿಸೇನಿ."

ಮೊದಲ ಹನಿಗಳು ಬಿದ್ದವು, ದಪ್ಪ ಹನಿಗಳು. ಸಾವ್ಕಾರರು ಬೈದರು, ಪೊಲೀಸರ ಮಾತೆತ್ತಿದರು, ಆಮೇಲೆ ಕೂಲಿ ಹೆಚ್ಚು ಮಾಡುತ್ತೇನೆ ಎಂದರು. ಕೊನೆಗೆ ಧೋತರ ಎತ್ತಿ ಕಟ್ಟಿ ತಾವೇ ಹೊಲಕ್ಕೆ ಇಳಿದರು. ಎರಡೂ ಕೈಯಲ್ಲಿ ಕಾಯಿ ಕಿತ್ತು ಕಿತ್ತು ಶಲ್ಯದೊಳಗೆ ತುಂಬತೊಡಗಿದರು. ಅರ್ಧ ಮಣ್ಣಿಗೆ ಬೀಳುತ್ತಿದ್ದವು. ಮಳೆ ಜೋರಾಯಿತು. ನಮ್ಮ ಕಡೆ ತಿರುಗಿ ಏನೋ ಕೂಗಿದರು, ಕೇಳಿಸಲಿಲ್ಲ. ಬದುವಿನ ಮೇಲೆ ನಾವೆಲ್ಲ ತೊಯ್ಯುತ್ತ ಕೂತಿದ್ದೆವು. ಒಬ್ಬರೂ ಏಳಲಿಲ್ಲ.