ಮೂರು ಸಲ ಮುಳುಗಿದ ಮೊಲ

ಸ್ಪೇನಿನ ಯಾವ ಮೂಲೆಯಿಂದಲೇ ಹಡಗು ಹತ್ತಿರಲಿ, ಬ್ಯೂನಸ್ ಐರಿಸ್‌ನಲ್ಲಿ ಇಳಿದ ಮೇಲೆ ಊರಿನ ಬಾಯಿಗೆ ಅವನು ಗಶೇಗೊ. ಅಂದರೆ ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದವನು. ಗಲೀಸಿಯಾ ಎಲ್ಲಿದೆ ಎಂದು ಕೇಳಿದರೆ ಹಾಗೆ ಕರೆದವನಿಗೇ ಗೊತ್ತಿರುವುದಿಲ್ಲ. ದಪ್ಪ ಹುಬ್ಬು, ಮಂದ ಬುದ್ಧಿ, ಬಿಗಿ ಮುಷ್ಟಿ ಇದ್ದವನು ಗಶೇಗೊ, ಅಷ್ಟೇ. ಅವನ ಮೇಲೊಂದು ಹಾಸ್ಯ ಸಿಡಿಸದೆ ಅಲ್ಲಿನ ಕ್ಷೌರಿಕನ ಕತ್ತರಿ ಕೂಡ ಆಡುವುದಿಲ್ಲ.

ಹಾಗೆ ಕರೆಸಿಕೊಂಡ ಮಿಕ್ಕವರೆಲ್ಲ ನಕ್ಕು ಸುಮ್ಮನಾಗುತ್ತಿದ್ದರು. ಸೆಕುಂದಿನೊ ಬೌಸಾಸ್ ಮಾತ್ರ ಸೌಟು ಹಿಡಿದು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದ.

"ನಾನು ಗಶೇಗೊನಾ? ವಲೆನ್ಸಿಯಾ ಸಂಘದ ಅಡುಗೆಯವನನ್ನ ನೋಡಿ ಗಶೇಗೊ ಅನ್ನೋದಾ? ಕಣ್ಣೇನು ಅಡ ಇಟ್ಟಿದೀಯಾ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೂವತ್ತೆರಡು ವರ್ಷ ಅವನು ಹೆಗಲು ಮುಟ್ಟಿಕೊಂಡೇ ಇದ್ದ. ಯಾರೂ ಗಮನಿಸಲಿಲ್ಲ. ಸಂಗತಿ ಏನೆಂದರೆ, ಆ ಹೆಸರು ಸರಿಯಾಗಿ ಸಲ್ಲಬೇಕಾದವರಲ್ಲಿ ಅವನೂ ಒಬ್ಬ. ಅವನದು ಗಲೀಸಿಯಾದ ಲೂಗೊ ಕಡೆಯ ಬೆಟ್ಟದ ಹಳ್ಳಿ. ಮನೆಯ ಕೆಳಗೆ ಎರಡು ಹಸು, ಮೇಲೆ ಒಂಬತ್ತು ಮಕ್ಕಳು. ಹಡಗು ಹತ್ತುವವರೆಗೆ ಅವನು ಅನ್ನ ತಿಂದದ್ದು ಎರಡೇ ಸಲ, ಎರಡೂ ಸಲ ಹೊಟ್ಟೆ ಕೆಟ್ಟಾಗ. ಅಂಥವನು ಸ್ಪೇನಿನ ಇನ್ನೊಂದು ಅಂಚಿನ, ಅನ್ನವೇ ದೇವರಾದ ವಲೆನ್ಸಿಯಾದವರ ಸಂಘಕ್ಕೆ ಮುಖ್ಯ ಅಡುಗೆಯವನಾದದ್ದು ಒಂದು ಪ್ರಶ್ನೆಯಿಂದ.

ಸಂಘದ ಅಡುಗೆಮನೆಯಲ್ಲಿ ಅವನಾಗ ಪಾತ್ರೆ ತೊಳೆಯುತ್ತಿದ್ದ. ಒಂದು ಭಾನುವಾರ ಅಡುಗೆಯವನು ಯಾವಳೋ ನರ್ತಕಿಯ ಹಿಂದೆ ಹೊರಟುಹೋದ. ಹೊರಗೆ ಎಂಬತ್ತು ಜನ ಮರದ ಚಮಚ ಹಿಡಿದು ಕೂತಿದ್ದರು. ಆಗಿನ ಅಧ್ಯಕ್ಷ, ಮುದುಕ ದೋನ್ ವಿಸೆಂತ್, ಬೆವರುತ್ತಾ ಒಳಗೆ ಬಂದ.

"ಏಯ್, ಎಲ್ಲಿಯವನಯ್ಯಾ ನೀನು?"

ಗಲೀಸಿಯಾದವರ ಸ್ವಭಾವವೇ ಹಾಗೆ, ಪ್ರಶ್ನೆಗೆ ಉತ್ತರ ಕೊಡುವವರಲ್ಲ. ಇನ್ನೊಂದು ಪ್ರಶ್ನೆ ಕೊಡುತ್ತಾರೆ.

"ಎಲ್ಲಿಯವನಾದ್ರೆ ಒಳ್ಳೇದು, ದೋನ್ ವಿಸೆಂತ್?"

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಸುಯೆಕಾದವನಾದ್ರೆ ತುಂಬಾ ಒಳ್ಳೇದು."

ಸುಯೆಕಾ ಎಂದರೆ ವಲೆನ್ಸಿಯಾದ ಭತ್ತದ ಗದ್ದೆಗಳ ನಡುವಿನ ಊರು. ಅಲ್ಲಿಯವರು ಪಾಯೆಯಾ, ಅಂದರೆ ಬಾಣಲೆಯಲ್ಲಿ ಮಾಂಸ, ಕೇಸರಿ ಹಾಕಿ ಬೇಯಿಸುವ ಅನ್ನ, ಮಾಡಿದರೆ ಮಿಕ್ಕವರು ಬಾಯಿ ಮುಚ್ಚಿಕೊಂಡು ತಿನ್ನಬೇಕು. ಸೆಕುಂದಿನೊ ಕೈ ಒರೆಸಿಕೊಂಡು ಅಗಲ ಬಾಣಲೆ ಒಲೆಯ ಮೇಲಿಟ್ಟ. ಬಾಗಿಲಲ್ಲಿ ನಿಂತ ಮುದುಕ ಅಂದಿನಿಂದ ಎರಡು ವರ್ಷ ಪ್ರತಿ ಭಾನುವಾರ ಬೈದ. "ಅಕ್ಕಿ ಹಾಕಿದ್ಮೇಲೆ ಕಲಕಬೇಡ್ವೋ ಕತ್ತೆ! ಉರಿ ಕಮ್ಮಿ ಮಾಡು! ಈಗ ಜಾಸ್ತಿ! ಆ ಕೇಸರಿ ಏನು ನಿಮ್ಮಪ್ಪನ ಗಡ್ಡಾನಾ, ಕಿತ್ತು ಕಿತ್ತು ಹಾಕ್ತೀಯಾ?" ಬೈಸಿಕೊಂಡು ಕಲಿತ ಅಡುಗೆ ಕೈಬಿಟ್ಟು ಹೋಗುವುದಿಲ್ಲ. ಮೂರನೆಯ ವರ್ಷ ಮುದುಕ ಬೈಯುವುದನ್ನು ನಿಲ್ಲಿಸಿ ತಿನ್ನುವುದಕ್ಕೆ ಕೂತ. ಊಟದ ಮನೆಯ ಗುತ್ತಿಗೆಯನ್ನು ಸೆಕುಂದಿನೊ ಹೆಸರಿಗೇ ಬರೆದುಕೊಟ್ಟು, ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸತ್ತ.

ಸೆಕುಂದಿನೊನ ಮಾತಿನ ರಾಗ, ಮನೆತನದ ಹೆಸರು ಎರಡೂ ಗಲೀಸಿಯಾದವೇ. ಯಾರಾದರೂ ಕೆದಕಿದರೆ, "ರೈಲ್ವೆಯವರಿಗೆ ವರ್ಗ ಆಗಲ್ವಾ?" ಎನ್ನುತ್ತಿದ್ದ. ಕೇಳಿದವರು ತಾವೇ ಒಂದು ಅಪ್ಪನನ್ನೂ ಒಂದು ರೈಲನ್ನೂ ಕಲ್ಪಿಸಿಕೊಳ್ಳುತ್ತಿದ್ದರು. ತಾನು ಒಂದೂ ಸುಳ್ಳು ಹೇಳಿಲ್ಲ, ಬರೀ ಪ್ರಶ್ನೆ ಕೇಳಿದ್ದೇನೆ ಎಂಬ ಹೆಮ್ಮೆ ಅವನಿಗೆ. ಪಾಪ ಒಪ್ಪಿಕೊಳ್ಳಲು ಪಾದ್ರಿಯ ಮುಂದೆ ಮಂಡಿಯೂರಿದಾಗಲೂ, "ಕೇಳೋದು ಪಾಪಾನಾ ಸ್ವಾಮಿ?" ಎಂದು ಕೇಳಿ ಎದ್ದು ಬಂದಿದ್ದ.

ಗುಟ್ಟು ಗೊತ್ತಿದ್ದ ಇನ್ನೊಬ್ಬಳು ಹೆಂಡತಿ ನೆಲಿದಾ. ಅವಳು ಇದೇ ಊರಲ್ಲಿ ಹುಟ್ಟಿದ ಇಟಲಿಯವರ ಮಗಳು, ಬಾಯಿಗೆ ಬೀಗವಿಲ್ಲದವಳು. ಸೋಮವಾರ ಊಟದ ಮನೆಗೆ ರಜ. ಅವತ್ತು ಇಬ್ಬರೂ ಕಿಟಕಿ ಮುಚ್ಚಿಕೊಂಡು, ಅವನ ಊರಿನ ರೀತಿಯಲ್ಲಿ ಆಕ್ಟೋಪಸ್ ಬೇಯಿಸಿ, ಕಳ್ಳರ ಹಾಗೆ ತಿನ್ನುತ್ತಿದ್ದರು. "ಬೇರೆ ಗಂಡಸ್ರು ಹೆಂಗಸ್ರನ್ನ ಕದ್ದು ಇಟ್ಕೋತಾರೆ, ನೀನು ಎಂಟು ಕಾಲಿನದನ್ನ ಇಟ್ಕೊಂಡಿದೀಯ" ಎನ್ನುತ್ತಿದ್ದಳು ನೆಲಿದಾ.

ಹೀಗೇ ನಡೆದಿದ್ದರೆ ನಡೆದುಹೋಗುತ್ತಿತ್ತು. ಆ ವರ್ಷ ಹೊಸ ಅಧ್ಯಕ್ಷ ಬಂದ.

ಫೆರಾನ್ ಬೊಲೂದ ಕಟ್ಟಡದ ಎಂಜಿನಿಯರು. ವಲೆನ್ಸಿಯಾವನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ಕಂಡವನು. ಆದ್ದರಿಂದಲೇ ಅಲ್ಲಿ ಹುಟ್ಟಿದವರಿಗಿಂತ ನಾಲ್ಕು ಪಟ್ಟು ವಲೆನ್ಸಿಯಾದವನು. ಬೊಲೂದ ಅಂದರೆ ಅಲ್ಲಿ ಮರ್ಯಾದಸ್ಥರ ಮನೆತನ. ಕರ್ಮಕ್ಕೆ ಬ್ಯೂನಸ್ ಐರಿಸ್‌ನ ಬೀದಿಯಲ್ಲಿ ಆ ಮಾತಿಗೆ ಪೆದ್ದಿ ಎಂದು ಅರ್ಥ. ಶಾಲೆಯಲ್ಲಿ ಹಾಜರಿ ಕೂಗಿದ ದಿನದಿಂದ ಅವನು ನಕ್ಕವನಲ್ಲ. ಎಲ್ಲರೂ ತನ್ನನ್ನು 'ಎಂಜಿನಿಯರು' ಎಂದೇ ಕರೆಯಬೇಕೆಂದು ಕಟ್ಟುನಿಟ್ಟು ಮಾಡಿದ್ದ.

ಅವನು ಸಂಘದ ನಿಯಮಾವಳಿಯ ಧೂಳು ಕೊಡವಿ ಹದಿನಾಲ್ಕನೆಯ ನಿಯಮವನ್ನು ಎತ್ತಿ ಹಿಡಿದ. ಊಟದ ಮನೆಯ ಗುತ್ತಿಗೆದಾರ ವಲೆನ್ಸಿಯಾದ ನೆಲದಲ್ಲಿ ಹುಟ್ಟಿದವನಾಗಿರಬೇಕು. ಗುತ್ತಿಗೆ ಆ ತಿಂಗಳಿಗೆ ಮುಗಿಯುವುದಿತ್ತು.

"ದೋನ್ ಸೆಕುಂದಿನೊ, ನಿಮ್ಮ ಜನನ ಪತ್ರ ಕೊಡಿ."

"ಯಾತಕ್ಕೆ ಎಂಜಿನಿಯರೇ?"

"ನೀವು ಎಲ್ಲಿ ಹುಟ್ಟಿದ್ದು ಅಂತ ನೋಡ್ಬೇಕಲ್ಲ."

"ಸ್ಪೇನಿನ ಅಂತರ್ಯುದ್ಧದಲ್ಲಿ ಎಷ್ಟು ಕಡೆ ದಾಖಲೆ ಸುಟ್ಟೋಗಿಲ್ಲ ಹೇಳಿ?"

"ನಿಮ್ಮದೂ ಸುಟ್ಟೋಯ್ತಾ?"

"ಬೆಂಕಿ ಏನು ಒಬ್ಬೊಬ್ಬರ ಹೆಸರು ಓದಿ ಸುಡುತ್ತಾ?"

ಎಂಜಿನಿಯರು ಕನ್ನಡಕ ತೆಗೆದು ಒರೆಸಿದ. "ಸರಿ. ಸುಯೆಕಾದಿಂದ ದೋನ್ಯಾ ಅಂಪಾರೊ ಬಂದಿದಾರೆ, ಸೋದರಳಿಯನ ಮನೆಗೆ. ಎಂಬತ್ತೊಂದು ವರ್ಷ. ಕುಯ್ಲಿನ ಆಳುಗಳಿಗೆ ಗದ್ದೆ ಬದುವಿನಲ್ಲೇ ಬೇಯಿಸಿ ಹಾಕಿದ ಕೈ. ಭಾನುವಾರ ಅವರು ನಿಂತು ನೋಡ್ತಾರೆ. ಸುಯೆಕಾದವರ ಕೈ ಹೌದು ಅಂದ್ರೆ ಅವತ್ತೇ ಸಹಿ ಹಾಕ್ತೀನಿ. ಅಲ್ಲ ಅಂದ್ರೆ ವಲೆನ್ಸಿಯಾದಲ್ಲೇ ಹುಟ್ಟಿದ ನನ್ನ ಅಳಿಯ ಹೇಗೂ ಖಾಲಿ ಇದಾನೆ."

ಆ ಅಳಿಯ ಪಾಯೆಯಾಗೆ ಬಟಾಣಿ ಹಾಕುತ್ತಾನೆ ಎಂಬ ಸುದ್ದಿ ಇತ್ತು. ವಲೆನ್ಸಿಯಾದವರಿಗೆ ಅದು ಮಹಾಪಾಪ, ಆದರೂ ಜಗಳವೇಕೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

ಗುತ್ತಿಗೆ ಹೋದರೆ ಒಲೆ ಹೋಗುತ್ತಿತ್ತು, ಮೇಲಿನ ಎರಡು ಕೋಣೆಯ ಮನೆಯೂ ಹೋಗುತ್ತಿತ್ತು. ಐವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಯಾರದೋ ತೊಟ್ಟಿಯಲ್ಲಿ ಪಾತ್ರೆ ತೊಳೆಯಬೇಕಾಗುತ್ತಿತ್ತು.

"ನಿಜ ಹೇಳ್ಬಿಡು ಗಶೇಗೊ" ಎಂದಳು ನೆಲಿದಾ.

"ಹೇಳಿದ್ರೆ ಬಿಡ್ತಾರಾ?"

"ನೋಡು, ನನಗೂ ಪ್ರಶ್ನೇನೇ ಹಾಕ್ತೀಯ. ನಮ್ಮ ಮದುವೇಲಿ ಪಾದ್ರಿ ಒಪ್ಪಿಗೇನಾ ಅಂದಾಗ 'ಇವಳು ಒಪ್ಪಿದ್ಲಾ?' ಅಂದೋನು ನೀನು. ಆವತ್ತೇ ಎದ್ದು ಹೋಗ್ಬೇಕಿತ್ತು ನಾನು."

ಭಾನುವಾರ ಮಧ್ಯಾಹ್ನ ಸಂಘದ ಅಂಗಳದಲ್ಲಿ ಕಿತ್ತಳೆ ಮರದ ಸೌದೆ ಉರಿಯಿತು. ತೊಂಬತ್ತು ಜನ ಸುತ್ತ ನೆರೆದರು. ಕಪ್ಪು ಉಡುಪಿನ ಪುಟ್ಟ ಮುದುಕಿ ದೋನ್ಯಾ ಅಂಪಾರೊ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ಬೀನ್ಸ್ ಮುರಿದು ನೋಡಿದಳು, ಕೇಸರಿ ಮೂಸಿದಳು. ಎಣ್ಣೆ ಕಾಯಿತು. ಸೆಕುಂದಿನೊ ಮೊಲದ ಮೊದಲ ತೊಡೆಯನ್ನು ಚಿಮಟದಲ್ಲಿ ಹಿಡಿದು ಎಣ್ಣೆಯಲ್ಲಿ ಅದ್ದಿ ಎತ್ತಿದ. ಮತ್ತೆ ಅದ್ದಿ ಎತ್ತಿದ. ಮೂರನೆಯ ಸಲ ಅದ್ದಿ ಎತ್ತಿ, ಆಮೇಲೆ ಬಾಣಲೆಗೆ ಬಿಟ್ಟ.

ಗಂಡಸರು ಟೋಪಿ ತೆಗೆದರು. ಎಂಜಿನಿಯರು ಎದೆಯ ಮೇಲೆ ಕೈಯಿಟ್ಟು ಮುದುಕಿಯ ಕಡೆ ಬಾಗಿದ.

"ನೋಡಿದ್ರಾ ತಾಯೀ, ನಿಮ್ಮೂರಿನ ಮೂರು ಮುಳುಗು! ಇಲ್ಲಿ ನಮ್ಮ ಮನೆಮನೇಲೂ ಉಳಿಸ್ಕೊಂಡಿದೀವಿ. ಇದರ ಬಗ್ಗೆ ಸಂಘದ ಪತ್ರಿಕೇಲಿ ನಾಲ್ಕು ಪುಟ ಬರೆದಿದೀನಿ ನಾನು. ಪಿತ, ಸುತ, ಪವಿತ್ರಾತ್ಮ."

ಮುದುಕಿ ಕಣ್ಣು ಕಿರಿದು ಮಾಡಿದಳು. "ಅದೇನು, ಮೊಲಕ್ಕೆ ಸ್ನಾನ ಮಾಡಿಸ್ತಾನಾ? ಚರ್ಮ ಸುಲಿದ ಮೇಲೆ?"

"ಅಲ್ಲ ತಾಯೀ, ಸುಯೆಕಾದ ಪದ್ಧತಿ..."

"ಎಂಬತ್ತೊಂದು ವರ್ಷದಿಂದ ಸುಯೆಕಾದಲ್ಲೇ ಇದೀನಿ. ಇಂಥದ್ದು ಕಂಡಿಲ್ಲ." ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ತೊಡೆ ತಟ್ಟಿದಳು. "ಕಂಡಿದೀನಿ, ಕಂಡಿದೀನಿ! ನನ್ನ ಗಂಡ ಗಲೀಸಿಯಾದಲ್ಲಿ ಸಿಪಾಯಿ ಆಗಿದ್ದಾಗ ನೋಡೋಕೆ ಹೋಗಿದ್ದೆ, ಅಲ್ಲಿನ ಸಂತೇಲಿ. ಹೆಂಗಸರು ತಾಮ್ರದ ಹಂಡೇಲಿ ಆಕ್ಟೋಪಸ್‌ನ ಹೀಗೇ ಮೂರು ಸಲ ಅದ್ದಿ ಎತ್ತಿ ಬೆದರಿಸ್ತಾರೆ, ಬೇಯೋವಾಗ ಚರ್ಮ ಕಿತ್ತು ಬರಬಾರ್ದು ಅಂತ. ಅಯ್ಯೋ ಮಾರಾಯ, ಮೊಲಾನ ಯಾಕೆ ಬೆದರಿಸ್ತೀಯ? ಅದು ಹುಟ್ಟಾ ಬೆದರಿದ್ದೇ!"

ಸೆಕುಂದಿನೊ ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೇಳುವವರು ಎಣ್ಣೆಯಲ್ಲಿ ಕರಿದರೂ ಹೋಗದು ಎಂದು ಸೇರಿಸಿಕೊಳ್ಳಬಹುದು. ಮೂವತ್ತೆರಡು ವರ್ಷ ನಾಲಿಗೆಯನ್ನು ಹದ್ದುಬಸ್ತಿನಲ್ಲಿಟ್ಟಿದ್ದ. ಕೈ ಮಾತ್ರ ಪ್ರತಿ ಭಾನುವಾರ ತೊಂಬತ್ತು ಜನರ ಮುಂದೆ ನಿಜ ಒದರುತ್ತಿತ್ತು. ತನಗೂ ಗೊತ್ತಾಗದೆ, ನೋಡಿದವರಿಗೂ ಗೊತ್ತಾಗದೆ. ನೋಡಿದವರು ಅದನ್ನೇ ಶಾಸ್ತ್ರ ಎಂದುಕೊಂಡು ಮನೆಗೊಯ್ದು ಪಾಲಿಸುತ್ತಿದ್ದರು.

"ಎಲ್ಲಿಯವನಪ್ಪಾ ನೀನು?" ಎಂದಳು ಮುದುಕಿ.

'ಎಲ್ಲಿಯವನ ಹಾಗೆ ಕಾಣ್ತೀನಿ?' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿದ. ಅವಳ ದನಿಯಲ್ಲಿ ತಪಾಸಣೆ ಇರಲಿಲ್ಲ, ಊರು ಕೇಳುವ ಅಕ್ಕರೆ ಇತ್ತು.

"ಗಲೀಸಿಯಾ, ತಾಯೀ. ಲೂಗೊ ಕಡೆಯವನು."

ಮಹಡಿಯ ಕಿಟಕಿಯಿಂದ ನೆಲಿದಾ, "ಮೇರಿಮಾತೇ! ಉತ್ತರ ಕೊಟ್ಟ!" ಎಂದು ಕೂಗಿದ್ದು ಅಂಗಳಕ್ಕೆಲ್ಲ ಕೇಳಿಸಿತು.

"ಸರಿ, ಗಲೀಸಿಯಾ" ಎಂದಳು ಮುದುಕಿ. "ಎಣ್ಣೆ ಸೀದು ಹೋಗ್ತಿದೆ. ಮಿಕ್ಕ ಮೊಲ ಹಾಕು."

ಹಾಕಿದ. ಪಾಯೆಯಾ ಬೆಂದಿತು. ಮುದುಕಿ ಮರದ ಚಮಚದಿಂದ ಬಾಣಲೆಯ ತಳ ಕೆರೆದು, ಕಂದು ಬಣ್ಣಕ್ಕೆ ಗರಿಗರಿಯಾಗಿ ಹಿಡಿದಿದ್ದ ಅನ್ನವನ್ನು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ದವಡೆ ಬಹಳ ಹೊತ್ತು ಆಡಿತು.

"ತಳ ಹಿಂಗೆ ಹಿಡಿಸೋನು ನಮ್ಮೂರಲ್ಲಿ ನನ್ನ ಭಾವ ಒಬ್ಬನಿದ್ದ. ಅವನೂ ಸತ್ತ." ಇನ್ನೊಂದು ಚಮಚ ಕೆರೆದಳು. "ಕೈ ಸುಯೆಕಾದ್ದೇ. ಬೆದರಿಸೋದೊಂದು ಬಿಟ್ರೆ."

ತೊಂಬತ್ತು ಮುಖ ಎಂಜಿನಿಯರ ಕಡೆ ತಿರುಗಿದವು. ಹಿಂದಿನ ಸಾಲಿನ ಒಬ್ಬ ಅಜ್ಜಿಗೆ ತಡೆಯಲಾಗಲಿಲ್ಲ. "ನನ್ನ ಸೊಸೆ ಮೂರು ಸಲ ಅದ್ದಲಿಲ್ಲ ಅಂತ ಆರು ತಿಂಗಳು ಮಾತು ಬಿಟ್ಟಿದ್ದೆ. ಈಗ ಅವಳಿಗೆ ಏನಂತ ಹೇಳ್ಲಿ ಎಂಜಿನಿಯರೇ?"

ಎಂಜಿನಿಯರು ಎದ್ದು ನಿಂತ. ಅವನ ಕಣ್ಣ ಮುಂದೆ ತಾನು ಬರೆದ ನಾಲ್ಕು ಪುಟ ಹಾದುಹೋಗಿರಬೇಕು. ಅಡುಗೆಯವನನ್ನು ಓಡಿಸಿದರೆ ಯಾಕೆ ಓಡಿಸಿದ್ದು ಎಂದು ಅದೇ ಪತ್ರಿಕೆಯಲ್ಲಿ ಬರೆಯಬೇಕು. ಬರೆದರೆ ಇಡೀ ಊರು ನಗುತ್ತದೆ, ಅವನ ಮನೆತನದ ಹೆಸರನ್ನು ಕೂಗಿ ಕೂಗಿ ನಗುತ್ತದೆ.

"ಮಹನೀಯರೇ, ಇವರು ತಮ್ಮನ್ನ ತಾವೇ ಗಶೇಗೊ ಅಂದ್ಕೊಂಡ್ರು" ಎಂದ ಗಂಟಲು ಸರಿ ಮಾಡಿಕೊಂಡು. "ಈ ಊರಲ್ಲಿ ನಮ್ಮನ್ನೆಲ್ಲ ಗಶೇಗೊ ಅಂತಾನೇ ಕರೀತಾರೆ. ಊರು ಕರೆದದ್ದೆಲ್ಲ ನಿಜ ಆಗಿದ್ದಿದ್ರೆ ನನ್ನ ಗತಿ ಏನಾಗ್ತಿತ್ತು, ಯೋಚನೆ ಮಾಡಿ."

ಯೋಚಿಸಿದರು. ಮೊದಲು ಯಾರೋ ಕೆಮ್ಮಿದರು, ಆಮೇಲೆ ಅಂಗಳವೇ ನಕ್ಕಿತು. ಶಾಲೆಗೆ ಸೇರಿದ ದಿನದಿಂದ ನಗದಿದ್ದ ಎಂಜಿನಿಯರ ತುಟಿಯೂ ಒಂದು ಕಡೆ ಅಲ್ಲಾಡಿತು. ಅಲ್ಲೇ ಪೆನ್ನು ತೆಗೆದು, ಎಣ್ಣೆ ಜಿಡ್ಡಿನ ಮೇಜಿನ ಮೇಲೆ ಗುತ್ತಿಗೆಗೆ ಸಹಿ ಹಾಕಿದ. ಮುದುಕಿ ಸೆಕುಂದಿನೊನ ತೋಳು ಹಿಡಿದು ಎಳೆದು ಕಿವಿಯಲ್ಲಿ ಕೇಳಿದಳು:

"ಆಕ್ಟೋಪಸ್ ಯಾವಾಗ ಮಾಡ್ತೀಯ?"

"ಸೋಮವಾರ. ಕಿಟಕಿ ತೆಗೆದಿಟ್ಟಿರ್ತೀನಿ."

ಮುಂದಿನ ಭಾನುವಾರ ಸೆಕುಂದಿನೊ ಗಟ್ಟಿ ಮನಸ್ಸು ಮಾಡಿ, ಕೈಯನ್ನು ಬಿಗಿಹಿಡಿದು, ಮೊಲದ ತೊಡೆಯನ್ನು ನೇರವಾಗಿ ಬಾಣಲೆಗೆ ಇಳಿಸಲು ಹೋದ.

"ಏ ಏ ಏ!" ತೊಂಬತ್ತು ಜನ ಕುರ್ಚಿಯಿಂದ ಎದ್ದರು. "ಮೂರು ಸಲ!"

ಚಿಮಟ ಗಾಳಿಯಲ್ಲೇ ನಿಂತಿತು. ಸೆಕುಂದಿನೊ ಮುಂದಿನ ಸಾಲಿನಲ್ಲಿದ್ದ ಎಂಜಿನಿಯರ ಮುಖ ನೋಡಿದ. "ಮೂರು ಸಲ ಅದ್ದಲಾ?"

"ಮತ್ತೆ ಎರಡು ಸಲಾನಾ?" ಎಂದ ಎಂಜಿನಿಯರು.

ಸೆಕುಂದಿನೊ ಅದ್ದಿದ. ಗಂಡಸರು ಟೋಪಿ ತೆಗೆದರು.