ಕುಲುಮೆಯ ಮೇಲೆ ಹೊರಿಸಿದ್ದು

ಮೂಲೆ ಒಡೆದ ಹಾಸುಗಲ್ಲು ಬಾಗಿಲಿನಿಂದ ಆರನೆಯದು, ಅಲ್ಲ, ಏಳನೆಯದು, ಎಣಿಸಿ ಆಗಬೇಕಾದ್ದೇನೂ ಇಲ್ಲ, ಆದರೂ ಎಣಿಸುತ್ತಿದ್ದಾನೆ, ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತ ಮುದುಕನಿಗೆ ಮತ್ತೇನು ಕೆಲಸ, ಒಳಗೆ ಮಗಳ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದಾರೆ, ಪಾಪೆ ಅಗಲವಾಗಬೇಕಂತೆ, ಇನ್ನೂ ಅರ್ಧ ಗಂಟೆ — ಮೂವತ್ತೊಂದು ವರ್ಷದ ಮಗಳು, ಎರಡೂ ಕಣ್ಣಿಗೆ ಪೊರೆ. ಆಗಲೇ ಡಾಕ್ಟರಮ್ಮ ಅವನೊಬ್ಬನನ್ನೇ ಕರೆದು ಕೇಳಿದ್ದಾಯಿತು, ನಿಮಗೆ ಎಷ್ಟನೇ ವಯಸ್ಸಿಗೆ ಬಂತು, ಮೂವತ್ತೈದಕ್ಕೆ, ನಿಮ್ಮ ತಂದೆಗೆ, ನಲವತ್ತರೊಳಗೇ, ನಾವು ಗಾಜು ಊದೋ ಜನ ಕಣಮ್ಮ, ಕುಲುಮೆ ಕಣ್ಣು ತಿನ್ನುತ್ತೆ, ಎಂದು ಅವನು ಎದೆಯುಬ್ಬಿಸಿಯೇ ಹೇಳಿದ್ದ, ಅದೂ ಒಂದು ಹೆಚ್ಚುಗಾರಿಕೆಯೇನೋ ಎಂಬ ಹಾಗೆ. ಕುಲುಮೆಯಿಂದಲೂ ಬರುತ್ತೆ, ಇಲ್ಲ ಅನ್ನಲ್ಲ, ಎಂದರು ಡಾಕ್ಟರಮ್ಮ, ಆದರೆ ಎಷ್ಟೋ ವರ್ಷ ದುಡಿದ ಮೇಲೆ, ನಿಮ್ಮ ಮಗಳು ಎಷ್ಟು ವರ್ಷ ಕುಲುಮೆ ಮುಂದೆ ಇದ್ದಳು? ಒಂದು ದಿನ, ಎಂದ. ಒಂದೇ ಒಂದು ದಿನ.

ಡಾಕ್ಟರಮ್ಮ ಕೇಳಿ ಕೇಳಿ ಮನೆಯವರನ್ನೆಲ್ಲ ಗುರುತು ಹಾಕಿದ ಹಾಳೆ ಈಗ ಅವನ ಜೇಬಿನಲ್ಲಿದೆ, ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಪೊರೆ ಬಂದವರ ಒಳಗೆಲ್ಲ ಶಾಯಿ ತುಂಬಿದೆ — ಅಪ್ಪನ ಚೌಕ ಕಪ್ಪು, ಅವನದೂ ಕಪ್ಪು, ಸೋದರತ್ತೆಯ ಸೊನ್ನೆಯೂ ಕಪ್ಪು, ಅತ್ತೆ ಹುಟ್ಟಿದಾಗಿನಿಂದ ಕುಲುಮೆಯ ಹೊಸ್ತಿಲು ತುಳಿದವಳಲ್ಲ, ಅವಳಿಗೆ ಒಲೆಯ ಹೊಗೆ ಎಂದರು, ಮನೆಯವರು ಒಂದೊಂದು ಕಣ್ಣಿಗೂ ಒಂದೊಂದು ನೆಪ ಹುಡುಕಿಟ್ಟಿದ್ದರು, ಮತ್ತು ಚಿಕ್ಕಪ್ಪ, ನಲವತ್ತು ವರ್ಷ ಅದೇ ಬೆಂಕಿಯ ಮುಂದೆ ಬೆಂದ ಚಿಕ್ಕಪ್ಪನ ಚೌಕ ಬರಿದು, ಎಪ್ಪತ್ತರಲ್ಲೂ ಸೂಜಿಗೆ ದಾರ ಪೋಣಿಸುತ್ತಿದ್ದ, ಅವನದು ಗಟ್ಟಿ ಪಿಂಡ ಎಂದು ನಕ್ಕು ಸುಮ್ಮನಾಗಿದ್ದರು. ಹೋದ ತಿಂಗಳು ನೀವಿಬ್ಬರೂ ಕೊಟ್ಟ ರಕ್ತದಲ್ಲೂ ಅದೇ ಬಂದಿದೆ, ಎಂದರು ಡಾಕ್ಟರಮ್ಮ, ಒಂದೇ ಒಂದು ಜೀನಿನ ತಪ್ಪು, ಕಣ್ಣಿನ ಮಸೂರ ತಿಳಿಯಾಗಿ ಉಳಿಯೋಕೆ ಬಿಡಲ್ಲ, ಮಕ್ಕಳಿಗೆ ಬರೋದು ಬಿಡೋದು ಅರ್ಧಕ್ಕರ್ಧ, ಯಾರ ಕೈಲೂ ಇಲ್ಲ, ಆಪರೇಷನ್ ಆದರೆ ಚೆನ್ನಾಗಿ ಕಾಣುತ್ತೆ. ಪರದೆಯ ಮೇಲೆ ಮಗಳ ಕಣ್ಣು ತಟ್ಟೆಯಷ್ಟು ದೊಡ್ಡದಾಗಿತ್ತು, ನಡುವೆ ಬಿಳಿ ಚುಕ್ಕೆ, ಅದನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ಅವಳಿಗೆ ನೀವೇ ಹೇಳ್ತೀರಾ? ನಾನೇ ಹೇಳ್ತೀನಿ, ಎಂದಿತು ಬಾಯಿ.

ಅಳು ಬರಬೇಕಿತ್ತು, ಬರುತ್ತಿಲ್ಲ, ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಎದೆ ಜೋಮು ಹಿಡಿದಿದೆ, ಚಿವುಟಿದರೂ ತನ್ನದಲ್ಲ — ಆ ದಿನ ಅವಳಿಗೆ ಹನ್ನೆರಡು, ಶಾಲೆಗೆ ರಜೆ, ಊಟದ ಡಬ್ಬಿ ತಂದವಳು ಅವನು ಕೈತೊಳೆಯಲು ಹೋದಾಗ ಗಾಜು ಊದುವ ಕೊಳವೆ ಎತ್ತಿಕೊಂಡಿದ್ದಳು, ನೋಡಿ ನೋಡಿಯೇ ಕಲಿತಿದ್ದಳು ಕಳ್ಳಿ, ಕೆನ್ನೆ ಉಬ್ಬಿಸದೆ ಹೊಟ್ಟೆಯಿಂದ ಊದುತ್ತಿದ್ದಾಳೆ, ಕೊಳವೆ ತಿರುಗುತ್ತಿದೆ, ಅವನು ಬಾಗಿಲಲ್ಲೇ ನಿಂತ, ತಡೆಯಬೇಕಿತ್ತು, ತಡೆಯಲಾಗಲಿಲ್ಲ, ಅಷ್ಟು ಚೆನ್ನಾಗಿತ್ತು. ಅವನು ಊದಿದ ಮೊದಲ ಗಾಜಿನ ಬುರುಡೆ ಸೊಟ್ಟ ಬದನೆಕಾಯಿ, ಅಪ್ಪನದು ಅದಕ್ಕಿಂತ ಕಡೆ, ಎರಡೂ ಕುಲುಮೆಮನೆಯ ಬಾಗಿಲ ಮೇಲಿನ ಹಲಗೆಯಲ್ಲಿದ್ದವು, ಮನೆಮಕ್ಕಳ ಮೊದಲ ಬುರುಡೆಯನ್ನು ಮಾರುವುದಿಲ್ಲ, ಒಡೆಯುವುದಿಲ್ಲ. ರಾತ್ರಿಯೆಲ್ಲ ಬಿಸಿ ಗೂಡಿನಲ್ಲಿ ನಿಧಾನವಾಗಿ ಆರಿದ ಅವಳ ಬುರುಡೆಯನ್ನು ಬೆಳಿಗ್ಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ, ದುಂಡಗೆ, ಎಲ್ಲ ಕಡೆ ಒಂದೇ ದಪ್ಪ, ಒಂದು ಕಡೆ ಮಾತ್ರ ಕರಗದೆ ಉಳಿದ ಮರಳಿನ ಕಣ, ಬಿಳಿ ಚುಕ್ಕೆ, ಸಾಸಿವೆಯಷ್ಟು. ಹಲಗೆ ಮೇಲಿಡ್ತೀಯಾ ಅಪ್ಪ? ಕಣ್ಣು ಕಳಕೊಳ್ಳೋ ಕೆಲಸ ನನಗೇ ಮುಗೀಲಿ, ಎಂದು ಬೆರಳು ಬಿಟ್ಟ, ಬುರುಡೆ ನೆಲಕ್ಕೆ ಬಿದ್ದು ಚೂರಾಯಿತು. ಅವಳು ಅಳಲಿಲ್ಲ, ಪೊರಕೆ ತಂದು ಗುಡಿಸಿದಳು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ, ಈಗ ಅಂಚೆ ಕಚೇರಿಯಲ್ಲಿ ಲಕೋಟೆಗೆ ಮುದ್ರೆ ಒತ್ತುತ್ತಾಳೆ, ಹತ್ತೊಂಬತ್ತು ವರ್ಷ ಅವಳ ಕಣ್ಣು ಉಳಿಸಿದವನು ತಾನೆಂದು ಅವನು ನೆಮ್ಮದಿಯಾಗಿ ಉಂಡು ಮಲಗಿದ್ದಾನೆ, ಕುಲುಮೆ ಆರಿಸಿ ಎಂಟು ವರ್ಷವಾಯಿತು, ಆ ಜಾಗದಲ್ಲಿ ಈಗ ಟಯರಿಗೆ ಪಂಕ್ಚರ್ ಹಾಕುತ್ತಾರೆ.

ಬಾಗಿಲು ತೆರೆಯಿತು, ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಸವರುತ್ತಾ ಬಂದಳು, ಪಕ್ಕದಲ್ಲಿ ಕೂತಳು, ಏನಂದ್ರಪ್ಪ ಡಾಕ್ಟರು? ಆಪರೇಷನ್ ಆದ್ರೆ ಸರಿಹೋಗುತ್ತಂತೆ, ಎಂದ, ಅಲ್ಲಿಗೇ ನಿಲ್ಲಿಸಬಹುದಿತ್ತು, ಹಾಸುಗಲ್ಲು ಏಳನೆಯದೇ, ಇನ್ನೊಂದು ಸಲ ಎಣಿಸಿದ — ನನ್ನಿಂದ ಬಂದದ್ದಂತೆ ಕಣೇ, ಅಜ್ಜನಿಂದ ನನಗೆ, ನನ್ನಿಂದ ನಿನಗೆ, ಕುಲುಮೆಯಿಂದ ಅಲ್ಲವಂತೆ. ಅವಳ ಕೈ ಅವನ ಕೈ ಪಕ್ಕದಲ್ಲೇ ಇತ್ತು, ಬೆರಳುಗಳು ಅವನವೇ, ಗಿಡ್ಡ, ಅಗಲ, ಕೊಳವೆ ತಿರುಗಿಸುವ ಬೆರಳುಗಳು. ಆಮೇಲೆ ಅಂದಳು, ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಕೊಂಡವಳ ಹಾಗೆ, ಅಂದ್ರೆ ನಾನು ಊದಿದ್ರೂ ಇಷ್ಟೇ ಆಗ್ತಿತ್ತು, ಊದದೆ ಇದ್ರೂ ಇಷ್ಟೇ. ಹೌದು ಅನ್ನಬೇಕು, ಕಣ್ಣ ಮುಂದೆ ಆ ಬೆಳಗಿನ ಕಿಟಕಿಯ ಬೆಳಕು, ದುಂಡನೆಯ ಬುರುಡೆ, ಸಾಸಿವೆಯಷ್ಟು ಬಿಳಿ ಚುಕ್ಕೆ, ಅದರಾಚೆ ಅವಳ ಮುಖ, ಹಲಗೆ ಕೈಗೆಟಕುವಷ್ಟು ಹತ್ತಿರ, ಬೆರಳು ಇನ್ನೂ ಬಿಟ್ಟಿಲ್ಲ, ಬಿಳಿ ಚುಕ್ಕೆ, ಬೆರಳು ಇನ್ನೂ ಬಿಟ್ಟಿಲ್ಲ —