ಉಡಿಯೊಳಗಿನ ಚೆಕ್ಕು

ದೇವರ ಮುಂದೆ ಉಡಿ ಬಿಚ್ಚಿದಾಗ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಕುಬಸದ ಖಣದ ಮಡಿಕೆಯಿಂದ ಒಂದು ಲಕೋಟೆ ಜಾರಿ ತಟ್ಟೆಗೆ ಬಿತ್ತು. ನಲಿನಿ ಒಡೆದು ನೋಡಿದಳು. ಕಂಪನಿಯ ಚೆಕ್ಕು. ಕೂಕಟ್‌ಪಲ್ಲಿಯ ತಮ್ಮ ಕಾಲೊನಿಯ ಹಿಂದಿನ ಕೆರೆಗೆ ಲಾರಿಗಟ್ಟಲೆ ಮಣ್ಣು ಸುರಿದು ಅಪಾರ್ಟ್‌ಮೆಂಟ್ ಎಬ್ಬಿಸಲು ಹೊರಟಿದ್ದ ಅದೇ ಕಂಪನಿ. ಆ ಮಣ್ಣು ತಡೆಯುತ್ತೇನೆಂದೇ ಅವಳ ಗಂಡ ಪ್ರಹ್ಲಾದ ಕಾರ್ಪೊರೇಷನ್ ಚುನಾವಣೆಗೆ ನಿಂತಿದ್ದ. ಊರೆಲ್ಲ ತೆಲಂಗಾಣ ಬಂತೋ ಇಲ್ಲವೋ ಎಂದು ಜಗಳಾಡುತ್ತಿದ್ದರೆ, ನಮ್ಮವರು ಕಂಪನಿಯ ಪೈಸೆ ಮುಟ್ಟುವವರಲ್ಲ ಎಂದು ಮನೆ ಮನೆಗೆ ಹೇಳಿ ಹೇಳಿ ನಲಿನಿಯ ಗಂಟಲು ಕಟ್ಟಿತ್ತು.

ಉಡಿ ತುಂಬಿದವಳು ಬೇಗಂಪೇಟೆಯ ಶೋಭಾ, ಆ ಕಂಪನಿಯ ಮ್ಯಾನೇಜರ್ ಹೆಂಡತಿ. ರಾಯಚೂರಿನ ಕಡೆಯವಳು, ಪ್ರಹ್ಲಾದನಿಗೆ ದೂರದ ನಂಟು. ಅರಿಷಿಣ-ಕುಂಕುಮಕ್ಕೆ ಕರೆದಾಗ ನಲಿನಿ ಒಲ್ಲೆನೆಂದಿದ್ದಳು. ಮುತ್ತೈದೆ ಕರೆದರೆ ಇಲ್ಲವೆನ್ನಬಾರದು ಎಂದು ದಬ್ಬಿ ಕಳಿಸಿದವನು ಪ್ರಹ್ಲಾದನೇ. ಈಗ ಆ ಮಹಾರಾಯ ಕನ್ನಡಿಯ ಮುಂದೆ ಮೀಸೆ ತಿದ್ದುತ್ತಿದ್ದ.

"ಇದೇನ್ರಿ ಇದು?"

"ಉಡಿಯೊಳಗ ಬಂದದ್ದು. ನಿನಗ ಕೊಟ್ಟಾರ, ನನಗಲ್ಲ."

"ನಾಳೇನ ತಿರುಗಿ ಕೊಟ್ಟು ಬರ್ತೀನಿ."

"ಹುಚ್ಚೀ ಏನು? ಉಡಿ ತುಂಬಿದ್ದು ಯಾರಾದರೂ ವಾಪಸ್ ಕೊಡ್ತಾರ? ಪೋಸ್ಟರ್ ಅಚ್ಚು ಹಾಕಿದ ಪ್ರೆಸ್ಸಿನವ ರೊಕ್ಕಾ ಕೊಡ್ರಿ ಅಂತ ಬಾಗಲಿಗೆ ಬಂದು ಕುಂದರಾಕತ್ತಾನ. ಎದುರು ಪಾರ್ಟಿಯವರು ಬಿರ್ಯಾನಿ ಹಂಚಾಕತ್ತಾರ. ನಾ ಏನು ತತ್ವ ಹಂಚಲೇನು?"

ನಲಿನಿ ಚೆಕ್ಕನ್ನು ಇನ್ನೊಮ್ಮೆ ನೋಡಿದಳು. ಬರೆದ ಹೆಸರು ಸುಹಾಸಿನಿ. ಅದು ಅವಳ ತವರಿನ ಹೆಸರು. ಮದುವೆಯಲ್ಲಿ ಅತ್ತೆಮನೆಯವರು ಬದಲಿಸಿ ನಲಿನಿ ಎಂದಿಟ್ಟಿದ್ದರು. ಈ ಹೈದರಾಬಾದಿನಲ್ಲಿ ಆ ಹೆಸರು ಗೊತ್ತಿದ್ದದ್ದು ಅವಳ ಬ್ಯಾಂಕಿಗೆ, ಬಿಟ್ಟರೆ ಗಂಡನಿಗೆ.

"ಶೋಭಾಗ ಈ ಹೆಸರು ಹೇಳಿದವರು ಯಾರ್ರಿ?"

"ಪ್ರಚಾರಕ್ಕ ವ್ಯಾಳ್ಯಾ ಆತು, ನಡಿ ನಡಿ," ಎಂದ ಪ್ರಹ್ಲಾದ.

ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ತಿನ್ನುವವನು ತಾನೇ ಕೈಯೊಡ್ಡಿ ತಿನ್ನಬಾರದೇ? ಅದಕ್ಕೂ ಹೆಂಡತಿಯ ಸೆರಗೇ ಬೇಕಾಯಿತೇ? ಹೊರಗೆ ಕಾರ್ಯಕರ್ತರು "ಅಮ್ಮಾ, ರಂಡಿ," ಬನ್ನಿ ಬನ್ನಿ, ಎಂದು ತೆಲುಗಿನಲ್ಲಿ ಕರೆಯುತ್ತಿದ್ದರು. ಚೆಕ್ಕನ್ನು ಮುಷ್ಟಿಯಲ್ಲಿ ಮುದುಡಿ ಹಿಡಿದೇ ಅವಳು ಚಪ್ಪಲಿ ಮೆಟ್ಟಿದಳು.

ಮೊದಲ ಮನೆಯ ತೆಲುಗು ಅಜ್ಜಿ ಪ್ರಹ್ಲಾದನ ನಮಸ್ಕಾರವನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೆಟ್ಟಗೆ ಬಂದು ನಲಿನಿಯ ಕೈ ಹಿಡಿದಳು.

"ನುವ್ವು ಚೆಪ್ಪು ತಲ್ಲೀ," ನೀನು ಹೇಳು ತಾಯಿ, ಎಂದಳು. ಎಲ್ಲರೂ ಬಂದು ಕೆರೆ ಉಳಿಸುತ್ತೇವೆ ಎಂದೇ ಹೇಳುತ್ತಾರೆ, ನಿನ್ನ ಗಂಡನಾದರೂ ಕಂಪನಿಯ ದುಡ್ಡು ಮುಟ್ಟಿಲ್ಲವೇ?

ನಲಿನಿ ಗಂಡನ ಕಡೆ ನೋಡಿದಳು. ಪ್ರಹ್ಲಾದ ಎದೆಯ ಮೇಲೆ ಕೈಯಿಟ್ಟುಕೊಂಡು, ಈ ಕೈಯಿಂದ ಮುಟ್ಟಿಲ್ಲಮ್ಮ ಎಂದು ಅಚ್ಚ ತೆಲುಗಿನಲ್ಲಿ ಹೇಳಿದ. ಸುಳ್ಳೇನೂ ಅಲ್ಲ.

ಅಜ್ಜಿ ಅವನತ್ತ ತಿರುಗಲಿಲ್ಲ. ಅವಳ ಒರಟು ಅಂಗೈಯಲ್ಲಿ ಚೆಕ್ಕು ಹಿಡಿದ ನಲಿನಿಯ ಮುಷ್ಟಿ ಇನ್ನೂ ಹಾಗೆಯೇ ಇತ್ತು. ನಲಿನಿ ತನ್ನ ಒಂದೊಂದೇ ಬೆರಳು ಬಿಡಿಸತೊಡಗಿದಳು.